ಹಿಮದೂರಿನಲ್ಲಿ ಬಾಗಿಲಿಗೆ ನೀರು ಹಾಕಿದ ವಿಷಯ

ಮಾನ್ಯ ಓದುಗರಲ್ಲಿ ಮೊದಲಿಗೆ ನಿವೇದಿಸಿಕೊಳ್ಳುವುದೇನೆಂದರೆ, ನನ್ನ ಅಕ್ಷರ ಕೋಳಿ ಕೆದರಿದಂತಿದೆ, ಕಾಗುಣಿತವೂ ಅಲ್ಲಲ್ಲಿ ಜಾರಿರಬಹುದು, ದಯಮಾಡಿ ಮನ್ನಿಸತಕ್ಕದ್ದು. ಬ್ಯಾಂಕಿನ ಪತ್ರಗಳನ್ನು ಬಿಟ್ಟರೆ ನಾನು ಬೇರೇನನ್ನೂ ಬರೆದವನಲ್ಲ. ಆದುದರಿಂದ ಈ ಬರಹವು ಜ್ಞಾಪನಾಪತ್ರದಂತೆ ಕಂಡಲ್ಲಿ ಅದನ್ನು ಉದ್ಯೋಗದೋಷವೆಂದು ಪರಿಗಣಿಸಬೇಕು.

ಮೂಲತಃ ನಾನು ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯವನು. ಬಡ್ತಿಯ ಮೇಲೆ ಹಿಮಾಚಲದ ಒಂದು ಪುಟ್ಟ ಬೆಟ್ಟದೂರಿಗೆ ವರ್ಗವಾಗಿ, ಅವ್ವನೊಡನೆ ಬಾಡಿಗೆ ಮನೆಯಲ್ಲಿ ವಾಸವಾಗಿದ್ದೇನೆ. ಇಲ್ಲಿನ ಚಳಿಗಾಲವು ನಮ್ಮ ಕಡೆಯದರಂತೆ ಒಂದು ಸ್ವೆಟರಿಗೆ ಸಮಾಧಾನಗೊಳ್ಳುವಂಥದ್ದಲ್ಲ. ನಮ್ಮಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಇಲ್ಲಿ ನಲ್ಲಿಯೇ ಗಟ್ಟಿಯಾಗುತ್ತದೆ. ಒಣಹಾಕಿದ ಪ್ಯಾಂಟು ಯಾರ ಸಹಾಯವೂ ಇಲ್ಲದೆ ನಿಂತುಕೊಳ್ಳುತ್ತದೆ. ಇದೆಲ್ಲಕ್ಕೂ ಅವ್ವ ಹೊಂದಿಕೊಂಡಳು. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡದೆ ಒಲೆ ಹಚ್ಚುವುದಕ್ಕೆ ಮಾತ್ರ ಒಪ್ಪಲಿಲ್ಲ.

ಹಾಕಿದ ನೀರು ನೋಡನೋಡುತ್ತಿದ್ದಂತೆ ಗಾಜಾಯಿತು. ಅದರ ಮೇಲೆ ಪ್ರಥಮವಾಗಿ ಹಾಲಿನವನು ಜಾರಿದ. ದ್ವಿತೀಯವಾಗಿ ಸಾಕ್ಷಾತ್ ಮನೆಯ ಮಾಲೀಕರೇ ಜಾರಿದರು. ಮಾಜಿ ಸೈನಿಕರಾದ ಅವರು ಸೊಂಟ ಹಿಡಿದುಕೊಂಡೇ, ಇನ್ನೊಬ್ಬರು ಬಿದ್ದರೆ ಮನೆ ಖಾಲಿ ಮಾಡತಕ್ಕದ್ದೆಂದು ಹಿಂದಿಯಲ್ಲಿ ಮೌಖಿಕ ಆದೇಶ ನೀಡಿದರು. ರಸ್ತೆಗಳೇ ಹಿಮದಡಿ ಮುಚ್ಚಿಹೋಗುವ ಈ ತಿಂಗಳುಗಳಲ್ಲಿ ಇನ್ನೊಂದು ಮನೆ ಸಿಗುವುದು ಅಸಾಧ್ಯ. ಸದರಿ ಪರಿಸ್ಥಿತಿಯ ಗಾಂಭೀರ್ಯವನ್ನು ಅವ್ವನ ಗಮನಕ್ಕೆ ತಂದೆ.

“ಅಲ್ಲ ಕಣ್ಲಾ, ಬಾಗ್ಲಿಗೆ ನೀರಾಕ್ದೆ ಒಲೆ ಅಚ್ಚಕಾದದಾ? ಬೂಕನಕೆರೇಲಿ ಇಷ್ಟ್ ವರ್ಸ ಆಕಿವ್ನಿ, ಒಬ್ರಾದ್ರೂ ಬಿದ್ದವ್ರಾ?”

“ಇಲ್ಲಿ ರಾತ್ರಿಯೆಲ್ಲಾ ದೇವ್ರೇ ಆಕವ್ನಲ್ಲವ್ವ. ಹಿಮ ಅಂದ್ರೂ ನೀರೇ ತಾನೆ.”

“ಅಂಗಾರೆ ಬಂದು ರಂಗೋಲೀನೂ ಅವ್ನೇ ಬುಡ್ಲಿ ಅನ್ನು.”

ಸುದೀರ್ಘ ಮಾತುಕತೆಯ ತರುವಾಯ ನೀರನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿ, ರಂಗೋಲಿಯನ್ನು ಮುಂದುವರಿಸುವುದೆಂದು ತೀರ್ಮಾನವಾಯಿತು. ಆದರೆ ಮೊದಲೇ ಗಟ್ಟಿಯಾಗಿದ್ದ ನೀರು ಕರಗಲೊಲ್ಲದು. ಅದರ ಮೇಲೆ ಬಿಟ್ಟ ಬಿಳಿ ರಂಗೋಲಿ, ಬಿಟ್ಟವಳಿಗೇ ಕಾಣಲೊಲ್ಲದು. ಕಡೆಗೆ ಅವ್ವ ಕೋಣೆ ಕಾಯಿಸುವ ಕಬ್ಬಿಣದ ಒಲೆಯಿಂದ ಬೂದಿ ತೋಡಿ, “ಈಬೂತಿ ಅನ್ಕಂಡ್ರಾಯ್ತು” ಎಂದು ತನಗೆ ತಾನೇ ಮಂಜೂರಾತಿ ಕೊಟ್ಟುಕೊಂಡು, ಬಾಗಿಲಿನಿಂದ ಗೇಟಿನವರೆಗೆ ದಪ್ಪ ಎಳೆಯ ಒಂದು ಬಳ್ಳಿ ಬಿಟ್ಟಳು.

ಮರುದಿನ ತಪಾಸಣೆಗೆಂದು ಬಂದ ಮಾಲೀಕರು ಬೂದಿಯ ಬಳ್ಳಿಯ ಮೇಲೆಯೇ ಹೆಜ್ಜೆಯಿಡುತ್ತ, ಬೂದಿ ಕಾಲಿಗೆ ಕೊಟ್ಟ ಹಿಡಿತದಿಂದ ಎಲ್ಲೂ ಜಾರದೆ ಬಾಗಿಲು ತಲುಪಿದರು.

“ನೋಡ್ಲಾ, ರಂಗೋಲಿ ತುಳ್ಕಂಡ್ ಬತ್ತಾವ್ನೆ ಈವಯ್ಯ,” ಎಂದು ಅವ್ವ ಗೊಣಗಿದಳು. ಅವ್ವ ಏನೆಂದಳೆಂದು ಅವರು ಕೇಳಿದ್ದಕ್ಕೆ, ತಮ್ಮನ್ನು ಸ್ವಾಗತಿಸುತ್ತಿದ್ದಾಳೆಂದು ಅನುವಾದಿಸಿದೆ. ಸಂತುಷ್ಟರಾದ ಮಾಲೀಕರು ತಮ್ಮ ಮೆಟ್ಟಿಲಿಗೂ ಇಂಥದೇ ಚಿತ್ರ ಬಿಡಿಸಿಕೊಡಬೇಕೆಂದು ಕೋರಿ, ಹಿಂದಿನ ಆದೇಶವನ್ನು ರದ್ದುಪಡಿಸಿದರು.

ನಾನು ನಿರಾಳ ಮನಸ್ಸಿನಿಂದ ಬ್ಯಾಂಕಿಗೆ ಹೊರಟೆ. ರಂಗೋಲಿ ತುಳಿಯಬಾರದೆಂಬುದು ಎಳವೆಯಿಂದಲೂ ನನ್ನ ಕಾಲಿಗೆ ಅಂಟಿದ ಪಾಠ. ಸಕಲ ಗೌರವಗಳೊಂದಿಗೆ ಬಳ್ಳಿಯ ಪಕ್ಕದಲ್ಲಿ ಕಾಲಿಟ್ಟೆ. ತದನಂತರ ನಾನು ಕಂಡದ್ದು ಆಕಾಶ.

ಆದೇಶದಲ್ಲಿ ಹೇಳಲಾಗಿದ್ದ ‘ಇನ್ನೊಬ್ಬರು’ ನಾನೇ ಆಗಿದ್ದೆ. ಅದು ಆಗಲೇ ರದ್ದಾಗಿದ್ದರಿಂದ ಮನೆಯೇನೋ ಉಳಿಯಿತು. ಮಾಲೀಕರು ನನ್ನನ್ನು ಎತ್ತಿ ಕೂರಿಸುತ್ತಿರುವಾಗ ಅವ್ವ ಹೊಸ್ತಿಲಲ್ಲೇ ನಿಂತು, “ಆವಯ್ಯನ್ ನೋಡಾದ್ರೂ ಕಲೀಬಾರ್ದೇನ್ಲಾ,” ಎಂದಳು.

ಪ್ರಸ್ತುತ ಬಲಗೈಗೆ ಪ್ಲಾಸ್ಟರು ಹಾಕಿರುವ ಕಾರಣ ಇಷ್ಟನ್ನೂ ಎಡಗೈಯಲ್ಲಿ ಬರೆದಿರುತ್ತೇನೆ. ಬರವಣಿಗೆಯಲ್ಲಿ ಕಂಡುಬಂದ ತಪ್ಪುಗಳನ್ನು ಓದುಗರು ತಿದ್ದಿ ಉಪಕರಿಸಬೇಕಾಗಿ ವಿನಂತಿ. ನಡಿಗೆಯಲ್ಲಿನ ತಪ್ಪುಗಳನ್ನು ಅವ್ವ ತಿದ್ದುತ್ತಿದ್ದಾಳೆ.