ಶುಕ್ರವಾರದ ಮಸಿ

ಹೊಗೆ ಅಳೆಯುವ ಯಂತ್ರದೊಳಗೆ ಬಿಳಿಯಾಗಿ ಹೋದ ಫಿಲ್ಟರ್ ಕಾಗದ ಹೊರಗೆ ಬಂದಾಗ ಬಾಣಲೆಯ ತಳದ ಹಾಗಿತ್ತು.

ವಾಲ್ದೆಸೀರ್ ತಲೆ ಹಿಡಿದುಕೊಂಡ. ಲೊಂದ್ರೀನಾ ನಗರದ ಬಸ್ ಡಿಪೋ ಪಕ್ಕದ ಪ್ರಯೋಗಶಾಲೆಯಲ್ಲಿ ಅವನದು ಆರಾರು ತಿಂಗಳಿಗೆ ನವೀಕರಣವಾಗುವ ಕೆಲಸ. ಸೋಯಾ ಬಯೋಡೀಸೆಲ್ ಬೆರೆಸಿದರೆ ಬಸ್ಸಿನ ಹೊಗೆಯಲ್ಲಿ ಮಸಿ ಕಡಿಮೆ ಎಂದು ಇವತ್ತು ಸಾಬೀತಾದರೆ ಕಾಯಂ. ಆದರೆ ಈ ಕಾಗದ ಬರೀ ಡೀಸೆಲ್ಲಿನ ಕಾಗದಗಳಷ್ಟೇ ಕಪ್ಪು. ಸೂಕ್ಷ್ಮ ತಕ್ಕಡಿಯೂ ಅದನ್ನೇ ಹೇಳಿತು.

ಕೊಳವೆ ತೊಳೆದ. ಇನ್ನೊಂದು ಕಾಗದ ಹಾಕಿದ. ಅದೂ ಕಪ್ಪು.

ಸಹೋದ್ಯೋಗಿ ಇವೋನಿ ಕಾಗದ ಮೂಸಿದಳು. "ಇದು ಇಂಜಿನ್ ಅಲ್ಲ ಕಣೋ. ಸುಟ್ಟ ಪಕ್ಕೆಲುಬು!"

ಬಸ್ಸಿನ ಹೊಗೆಯನ್ನು ತೆಳುವಾಗಿಸಲು ಬೆರೆಸುವ ಗಾಳಿಯನ್ನು ಯಂತ್ರ ಹಿಂದಿನ ಕಿಟಕಿಯಿಂದ ಎಳೆಯುತ್ತಿತ್ತು. ಆ ಗಾಳಿ ಸೋಸುವ ಡಬ್ಬಿ ಯಾವಾಗಲೋ ಬಿರುಕು ಬಿಟ್ಟಿತ್ತು. ಕಿಟಕಿಯ ಕೆಳಗೆ ಡಿಪೋ ಚಾಲಕರ ಶುಕ್ರವಾರದ ಶುರಾಸ್ಕೊ: ಕೆಂಡ, ಕಂಬಿ, ಮಾಂಸ.

"ಅಲ್ತೈರ್ ಮಾಮ, ಅರ್ಧ ಗಂಟೆ ಕೆಂಡ ಆರಿಸಿ!" ವಾಲ್ದೆಸೀರ್ ಗೋಗರೆದ.

ಹಿರಿಯ ಚಾಲಕ ಕಂಬಿ ತಿರುಗಿಸುತ್ತಲೇ ಇದ್ದ. "ಹನ್ನೆರಡು ವರ್ಷದಿಂದ ಇಲ್ಲೇ ಸುಡ್ತಿದೀನಿ. ನಿನ್ನ ಯಂತ್ರಕ್ಕೆ ಮೂಗು ಮುಚ್ಕೊಳ್ಳೋಕೆ ಹೇಳು."

"ನನ್ನ ಕೆಲಸದ ಪ್ರಶ್ನೆ ಮಾಮ!"

"ಅಯ್ಯೋ ಪೆದ್ದಾ, ಮೊದಲೇ ಹೇಳಬಾರದಾ?" ಎಂದು ಅಲ್ತೈರ್ ಕೆಂಡಕ್ಕೆ ನೀರು ಸುರಿದ. ಹಸಿದ ಚಾಲಕರು ವಾಲ್ದೆಸೀರನನ್ನು ಅವನ ಮುತ್ತಜ್ಜನವರೆಗೂ ಬೈದರು.

ಮತ್ತೆ ಇಂಜಿನ್ ಓಡಿತು. ಈ ಸಲ ಕಾಗದ ಬೆಕ್ಕಿನ ಮರಿಯಂಥ ತಿಳಿ ಬೂದು! ವಾಲ್ದೆಸೀರ್ ಇವೋನಿಯ ಕೈಹಿಡಿದು ಕುಣಿದ.

ಮುಖ್ಯಸ್ಥೆ ಮಾರ್ಲೆನಿ ಪೆನ್ನು ತೆಗೆದುಕೊಂಡೇ ಬಂದರು. "ಭೇಷ್ ಕಣಪ್ಪ! ಬರೀ ಡೀಸೆಲ್ಲಿನ ಕಾಗದ ತೋರಿಸು, ಹೋಲಿಸಿ ಸಹಿ ಹಾಕ್ತೀನಿ."

ಆರು ತಿಂಗಳ ಕಾಗದಗಳ ಪೆಟ್ಟಿಗೆ ತೆರೆದ. ಮಾರ್ಲೆನಿ ಬಗ್ಗಿದರು. ಮೂಗು ಅರಳಿತು.

"ಇವನ್ನೆಲ್ಲ ಯಾವ ದಿನ ಮಾಡಿದ್ದು?"

"ಡಿಪೋದವರು ಬಸ್ ಕೊಡೋದೇ ಶುಕ್ರವಾರ ಮೇಡಂ..." ಎನ್ನುತ್ತ ಅವನೂ ಒಂದು ಕಾಗದ ಮೂಸಿದ. ಅದೂ ಸುಟ್ಟ ಪಕ್ಕೆಲುಬು.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಜೂನ್ ತಿಂಗಳದ್ದು ಚೆನ್ನಾಗಿ ಬೆಂದಿದೆ. ಹೊಸ ಡಬ್ಬಿ ಹಾಕಿಸಿ, ಎಲ್ಲ ಮೊದಲಿಂದ ಮಾಡು. ಇನ್ನಾರು ತಿಂಗಳು ನವೀಕರಿಸ್ತೀನಿ."

ಹೊರಗೆ ಅಲ್ತೈರ್ ಕಾದಿದ್ದ. "ಕಾಯಂ ಆಯ್ತಾ?"

"ಇಲ್ಲ ಮಾಮ. ಆದ್ರೆ ಸೋಯಾ ಗೆಲ್ಲೋ ಹಾಗಿದೆ."

"ನೀನೂ ಗೆಲ್ತೀಯ ಬಿಡು. ಮುಂದಿನ ವಾರದಿಂದ ಗೇಟಿನ ಹತ್ತಿರ ಸುಡ್ತೀವಿ. ಈಗ ಬಾ, ಹೊಸ ಕೆಂಡ ಊದು. ಆರಿಸೋಕೆ ಹೇಳಿದ್ದು ನೀನೇ ತಾನೇ?"

ವಾಲ್ದೆಸೀರ್ ಕುಕ್ಕರಗಾಲಲ್ಲಿ ಕೂತು ಊದಿದ. ಹೊಗೆಯೆಲ್ಲ ಅವನ ಮುಖಕ್ಕೇ ಬಂತು. ಕಿಟಕಿಯ ಕಡೆ ಒಂದು ಎಳೆಯೂ ಹೋಗಲಿಲ್ಲ.