ಬುಗುರಿಯ ಸೈನ್ಯಕ್ಕೆ ಅಮ್ಮನ ಗುರಾಣಿ

ಒಂಬತ್ತು ವರ್ಷದ ಹುಡುಗಿಯ ಕೈಗೆ ಮೂವತ್ತು ಕಾರ್ಡು ಕೊಟ್ಟು ಯುದ್ಧಕ್ಕೆ ಕಳಿಸುವುದು ಯಾವ ಸೀಮೆಯ ನ್ಯಾಯ ಎಂದು ಅಮ್ಮ ಬೆಳಗಿನಿಂದ ಗೊಣಗುತ್ತಿದ್ದಳು. (ಯುದ್ಧ ನಡೆಯುವುದು ಗ್ರಂಥಾಲಯದ ಮಹಡಿಯಲ್ಲಿ, ಪ್ಲಾಸ್ಟಿಕ್ ಮೇಜಿನ ಮೇಲೆ. ಆದರೇನು, ಯುದ್ಧ ಯುದ್ಧವೇ!) ಮಗಳು ಬುಗುರಿಗೆ ಅಲ್ಲಿಯ ಶನಿವಾರದ ಕಾರ್ಡಾಟದ ತಂಡ ಸೇರುವ ಹುಚ್ಚು. ಎರಡು ಆಟದಲ್ಲಿ ಒಂದನ್ನಾದರೂ ಗೆದ್ದರೆ ಸೇರಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು.

ಮೃಗದ ಕಾರ್ಡು ಹೊಡೆಯುತ್ತದೆ, ಗುರಾಣಿಯ ಕಾರ್ಡು ತಡೆಯುತ್ತದೆ. ರಾಶಿಯಿಂದ ಮೂವತ್ತನ್ನು ಆರಿಸಬೇಕು. ಬುಗುರಿ ಅವನ್ನೆಲ್ಲ ಊಟದ ಮೇಜಿನ ಮೇಲೆ ಹರಡಿದ್ದೇ ತಡ, ಅಮ್ಮ ಸೇನಾಧಿಪತ್ಯ ವಹಿಸಿಕೊಂಡಳು. ಬೀದಿ ತುದಿಯ ಅಂಗಡಿಗೆ ಹೋಗುವಾಗಲೂ ಕೊಡೆ, ಮುಲಾಮು, ಬದಲಿ ಸಾಕ್ಸು ಹೊರುವವಳು ಆಕೆ.

"ಈ ಬೆಂಕಿ ಕರಡಿ ಯಾಕೆ? ಮುಖ ನೋಡಿದ್ರೇ ಜ್ವರ ಬರುತ್ತೆ. ತೆಗಿ."

"ಅಮ್ಮಾ, ಹೊಡೆಯೋದೇ ಅದು!"

"ಹೊಡೆದಾಟ ಒಳ್ಳೇದಲ್ಲ. ಗುರಾಣಿ ಇಟ್ಕೋ. ಇನ್ನೂ ಒಂದು ಇಟ್ಕೋ, ಅದು ಒಡೆದ್ರೆ ಬೇಕಾಗುತ್ತೆ."

ಅಭ್ಯಾಸಕ್ಕೆ ಅಪ್ಪ ಎದುರು ಕೂತರು. ಎಷ್ಟು ಹೊಡೆದರೂ ಮಗಳು ಸೋಲಲಿಲ್ಲ. ಹೊಡೆಯಲು ಏನೂ ಇಲ್ಲದ್ದರಿಂದ ಗೆಲ್ಲಲೂ ಇಲ್ಲ. ಅಪ್ಪ ಆಕಳಿಸಿದರು.

"ಇದು ಯುದ್ಧ ಅಲ್ಲ ಕಣೇ, ಧರಣಿ!"

"ಮಗು ಸೋಲಲಿಲ್ಲ ತಾನೇ? ಸುಮ್ನಿರಿ ನೀವು."

ಬುಗುರಿ ಕೂಡ ಸುಮ್ಮನಿದ್ದಳು. ಅದು ಅನುಮಾನ ಪಡಬೇಕಾದ ಸಂಗತಿ ಎಂದು ಅಮ್ಮನಿಗೆ ಹೊಳೆಯಲಿಲ್ಲ.

ಮಹಡಿಯಲ್ಲಿ ಹೆತ್ತವರಿಗೆಂದು ಹಗ್ಗ ಕಟ್ಟಿ ಕುರ್ಚಿ ಹಾಕಿದ್ದರು. ಮೊದಲ ಆಟ ಶುರುವಾಯಿತು. ನೋಡಿದರೆ, ಮಗಳ ಮುಂದೆ ಬೆಂಕಿ ಕರಡಿ! ಬೆವರು ಒರೆಸಲು ಅಮ್ಮ ಕರವಸ್ತ್ರಕ್ಕಾಗಿ ಬ್ಯಾಗಿಗೆ ಕೈಹಾಕಿದರೆ ಸಿಕ್ಕಿದ್ದು ರಬ್ಬರ್ ಬ್ಯಾಂಡ್ ಸುತ್ತಿದ ಗುರಾಣಿಗಳ ಕಟ್ಟು.

ಬುಗುರಿ ಸೋತಳು. ಸೋತು, ಕುಣಿಯುತ್ತಾ ಬಂದಳು. "ಅಮ್ಮಾ, ನಾನೂ ನಾಲ್ಕು ಸಲ ಹೊಡೆದೆ!"

"ಇದೆಲ್ಲ ನನ್ನ ಬ್ಯಾಗಿಗೆ ಹೇಗೆ ಬಂತೇ?"

ಮಗಳು ಅವಳ ಕಿವಿಗೆ ಬಾಯಿಟ್ಟು ಹೇಳಿದಳು: "ನೀನು ಇಲ್ಲಿ ಒಬ್ಳೇ ಕೂತಿರ್ತೀಯಲ್ಲ. ನಂಗಿಂತ ನಿಂಗೇ ಹೆದ್ರಿಕೆ ಜಾಸ್ತಿ. ಅದಕ್ಕೇ ಇಟ್ಟೆ."

ಏಳೆಂಟು ಬುದ್ಧಿಮಾತು ಅಮ್ಮನ ನಾಲಿಗೆಯ ತುದಿಗೆ ಬಂದಿದ್ದವು. ಅಷ್ಟನ್ನೂ ನುಂಗಿ, ಮಗಳ ಜಡೆ ಸರಿಮಾಡಿ, "ನಿಂಗೆ ತೋಚಿದ ಹಾಗೆ ಆಡು, ಹೋಗು" ಎಂದಳು.

ಎರಡನೆಯ ಆಟ ಕೊನೆಗೆ ಬಂತು. ಎದುರಾಳಿ ಹುಡುಗ ಸೋಲಲು ಒಂದೇ ಏಟು ಬಾಕಿ. ಬುಗುರಿ ಉಸಿರು ಬಿಗಿಹಿಡಿದು ಕೈಯಲ್ಲಿದ್ದ ಹುಲಿಯನ್ನು ಮೇಜಿಗೆ ಇಟ್ಟಳು. ಅದೇ ಕ್ಷಣ ಗ್ರಂಥಾಲಯದ ಗಾಜೆಲ್ಲ ಅದುರುವಂತೆ ಒಂದು ಸಿಂಹನಾದ ಎದ್ದಿತು:

"ಹೊಡಿ ಅವನ್ನ! ಬಿಡಬೇಡ! ಹೊಡಿಯೇ!"

ಎಲ್ಲರೂ ತಿರುಗಿ ನೋಡಿದರು. ಕುರ್ಚಿಯ ಮೇಲೆ ಹತ್ತಿ ನಿಂತವಳು ಹೊಡೆದಾಟ ಒಳ್ಳೆಯದಲ್ಲ ಎಂದಿದ್ದ ಮಹಾತಾಯಿಯೇ. ತೀರ್ಪುಗಾರ್ತಿ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬಂದು, ತೋಳು ಹಿಡಿದು, ಸಕಲ ಗೌರವಗಳೊಂದಿಗೆ ಆಕೆಯನ್ನು ಬಾಗಿಲಾಚೆ ಬಿಟ್ಟಳು.

ಮೆಟ್ಟಿಲ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದವಳ ಕೊರಳಿಗೆ ಹಿಂದಿನಿಂದ ಎರಡು ಪುಟ್ಟ ಕೈ ಬಿದ್ದವು.

"ಗೆದ್ದೆ ಅಮ್ಮಾ! ತಂಡಕ್ಕೆ ಸೇರಿಸ್ಕೊಂಡ್ರು." ಕೆನ್ನೆಗೆ ಗಟ್ಟಿಯಾಗಿ ಒಂದು ಮುತ್ತೂ ಸಿಕ್ಕಿತು. "ಆದ್ರೆ ಶನಿವಾರ ಅಪ್ಪನೇ ಬರಬೇಕಂತೆ."