ಆರು ಮ್ಯಾಲೊಂದು

ವಾರಕ್ಕೆ ಎಷ್ಟು ದಿನ ಅಂತ ನಮ್ಮ ಸೋದರಮಾವನನ್ನು ಕೇಳಿ ನೋಡಿ. "ಆರು ಮ್ಯಾಲೊಂದು" ಅನ್ನುತ್ತಾರೆ! ಕಾಮನಬಿಲ್ಲಿಗೆ ಬಣ್ಣ? ಆರು ಮ್ಯಾಲೊಂದು. ಗಂಗಾವತಿಯಲ್ಲಿ ಅಕ್ಕಿ ಅಂಗಡಿ ಇಟ್ಟು ತಲೆ ನರೆಸಿಕೊಂಡ ಈ ಮನುಷ್ಯ ಆ ಒಂದು ಸಂಖ್ಯೆಯನ್ನು ಮಾತ್ರ ಬಾಯಿಗೆ ತಂದವರಲ್ಲ.

ಸೇರಿನಲ್ಲಿ ಅಳೆಯುವಾಗ ಒಂದಕ್ಕೆ "ಲಾಭ" ಅನ್ನುವುದು ನಮ್ಮ ಕಡೆ ಹಳೆಯ ರೂಢಿ. ಲಾಭ, ಎರಡು, ಮೂರು... ಅಲ್ಲಿಯವರೆಗೆ ಯಾರ ತಕರಾರೂ ಇಲ್ಲ. ಆದರೆ ಏಳು ಅಂದರೆ ಎದ್ದೇಳು ಅಂತಲೂ ಆಗುತ್ತದಲ್ಲ! "ಧಾನ್ಯದಾಗ ಲಕ್ಷ್ಮಿ ಕುಂತಾಳ. ಹಂಗ ಅಂದ್ರ ಎದ್ದು ಹೋಗಂಗಿಲ್ಲೇನು?" ಅಂತ ಮಾವ ನಮಗೇ ಗದರುತ್ತಾರೆ. ಮನೆಯಲ್ಲಿ ಮಲಗಿದವರನ್ನು ಎಬ್ಬಿಸುವಾಗಲೂ ಆ ಮಾತಿಲ್ಲ. "ಬೆಳಕಾತು!" ಅಂತ ಕೂಗುವುದು, ಅಷ್ಟೆ. ಕಾಲುವೆ ಬಂದಾಗ ವಲಸೆ ಬಂದು ಕ್ಯಾಂಪು ಕಟ್ಟಿಕೊಂಡ ತೆಲುಗು ಗಿರಾಕಿಗಳು ಮಾತ್ರ ಅವರಿಗೆ ಸೈ ಅನ್ನುತ್ತಾರೆ. ತೆಲುಗಿನ ಏಳು, ಅಂದರೆ "ಏಡು", ಅದಕ್ಕೆ "ಅಳು" ಅಂತಲೂ ಅರ್ಥವಂತೆ. ನಮ್ಮದು ಎಬ್ಬಿಸಿದರೆ ಅವರದು ಅಳಿಸುತ್ತದೆ!

ನನ್ನ ಲಗ್ನದ ಅಕ್ಷತೆ ಬೆಳಿಗ್ಗೆ ಏಳಕ್ಕೆ. ಬೀಗರಿಗೆ ಫೋನು ಮಾಡುವ ಕೆಲಸ ಮಾವನಿಗೆ ಬಿತ್ತು. ಮಂಗಳೂರಿನ ಬೀಗರು (ಕಡಲಿನ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು!) ಆರು ಹೊಡೆದು ಒಂದು ನಿಮಿಷಕ್ಕೆ ಛತ್ರದ ಬಾಗಿಲಲ್ಲಿ ನಿಂತರು. ಅರ್ಧ ಗಡ್ಡ ಬೋಳಿಸಿ ಇನ್ನರ್ಧಕ್ಕೆ ಸಾಬೂನು ಹಚ್ಚಿಕೊಂಡ ಮದುಮಗನಾದ ನಾನು ಅವರಿಗೆ "ಬರ್ರಿ ಬರ್ರಿ" ಅನ್ನುತ್ತಿರುವ ಫೋಟೊ ಇವತ್ತಿಗೂ ಇದೆ.

ಇಂಥವರ ಜೊತೆ ಒಮ್ಮೆ, ವಿದೇಶಿ ಪ್ರವಾಸಿಗರು ಬಂದು ತಂಗುವ ವಿರೂಪಾಪುರಗಡ್ಡೆಗೆ ಭತ್ತ ನೋಡಲು ಹೋದೆ. ಎಳನೀರಿನ ಅಂಗಡಿಯಲ್ಲಿ ಜಪಾನಿನ ಹೆಂಗಸೊಬ್ಬಳು ಸಿಕ್ಕಳು. ಆಕೆಯ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಸೇರಿ ಹೇಗೋ ಒಂದಾಗುತ್ತಿತ್ತು. ಬೆರಳು ಮಡಚಿ ಎಣಿಸುತ್ತಾ ನಾಲ್ಕಕ್ಕೆ "ಶಿ" ಅಂದವಳೇ ನಾಲಿಗೆ ಕಚ್ಚಿಕೊಂಡು "ಯೊನ್" ಅಂದಳು. ಶಿ ಅಂದರೆ ಅವರಲ್ಲಿ ಸಾವು ಅಂತಲೂ ಅರ್ಥವಂತೆ! ಒಂಬತ್ತಕ್ಕೆ "ಕು" ಅಂದರೆ ಸಂಕಟ, ಅದಕ್ಕೇ "ಕ್ಯೂ" ಅನ್ನುತ್ತಾರಂತೆ. ಏಳಕ್ಕೂ ಎರಡು ಹೆಸರು: ಶಿಚಿ, ನಾನಾ. ಮಾವ ಎದ್ದು ಆಕೆಗೆ ಕೈಮುಗಿದರು.

"ನೋಡಲೇ, ಸಮುದ್ರ ದಾಟಿದ ಮ್ಯಾಲೂ ನಮ್ಮಂಥ ಮಂದಿ ಅದಾರ!"

ಅಂದಿನಿಂದ ಅಂಗಡಿಯಲ್ಲಿ ಜಪಾನಿ ಲೆಕ್ಕ. ಐದಕ್ಕೆ ಗೊ, ಆರಕ್ಕೆ ರೊಕು. ಪಕ್ಕದ ಟೈಲರ್ ಚಾಚಾ ಕತ್ತರಿ ಕೆಳಗಿಟ್ಟು ಕೇಳಿದರು: "ಗೋ ಅಂತೀರಿ, ಹಿಂದಿಂದನ ರೋಕೋ ಅಂತೀರಿ. ಗಿರಾಕಿ ಹೋಗಬೇಕೋ ನಿಲ್ಲಬೇಕೋ ಸಾವ್ಕಾರ್ರ?"

ಮೊನ್ನೆ ಮಳೆಗಾಲದಲ್ಲಿ ಅತ್ತಿ, ಅಂದರೆ ಮಾವನ ಹೆಂಡತಿ, ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡರು. ಕೊಪ್ಪಳದಲ್ಲಿ ಆಪರೇಷನ್ ಆಯಿತು. ಎಲುಬು ಕೂಡಿತು, ಧೈರ್ಯ ಕೂಡಲಿಲ್ಲ. ಈಗ ಎದ್ದು ನಿಲ್ಲದಿದ್ದರೆ ಮುಂದೆ ಹಾಸಿಗೆಯೇ ಗತಿ ಅಂತ ಡಾಕ್ಟರು ಹೇಳಿಬಿಟ್ಟರು. ಮಾವ ಅಂಗಡಿಯ ಬಾಗಿಲು ಹಾಕಿ ಮಂಚದ ಪಕ್ಕ ಕುಳಿತರು. ಮಲಗಿದಲ್ಲೇ ಕಾಲೆತ್ತುವ ಕಸರತ್ತಿಗೆ ಅವರದೇ ಎಣಿಕೆ.

"...ಗೊ, ರೊಕು, ನಾನಾ!"

"ನೀವ್ಯಾಕ್ರೀ? ಕಾಲು ನಂದು!" ಅಂದರು ಅತ್ತಿ. ನಕ್ಕೂ ನಕ್ಕೂ ನಮಗೆಲ್ಲ ಹೊಟ್ಟೆ ನೋವು ಬಂತು. ಆದರೆ ನಿಲ್ಲುವ ಮಾತು ತೆಗೆದರೆ ಸಾಕು, ಅತ್ತಿ ಗೋಡೆಯ ಕಡೆ ತಿರುಗುತ್ತಿದ್ದರು. "ಮತ್ತ ಬಿದ್ರ? ನಾ ಒಲ್ಲೆ."

ಒಂದು ಬೆಳಿಗ್ಗೆ ಮಾವ ಜಪಾನಿ ಬಿಟ್ಟು ಕನ್ನಡಕ್ಕೆ ಬಂದರು. ಹೆಂಡತಿಯ ಕಾಲುಗಳನ್ನು ಮಂಚದಿಂದ ಕೆಳಗೆ ಇಳಿಬಿಡಿಸಿ, ಪಾದ ತಿಕ್ಕುತ್ತಾ ಎಣಿಸಿದರು. ಲಾಭ, ಎರಡು, ಮೂರು, ನಾಲ್ಕು, ಐದು, ಆರು. ಅಲ್ಲಿಗೆ ನಿಂತರು. ಪಾದ ಬಿಟ್ಟು ಹೆಗಲು ಮುಂದೆ ಮಾಡಿದರು.

"ಏಳು," ಅಂದರು.

ಅತ್ತಿ ಗಾಬರಿಯಿಂದ ಮುಖ ನೋಡಿದರು. "ಏನಂದ್ರಿ?"

"ಏಳು. ಲಕ್ಷ್ಮಿ ಎದ್ದು ಹೋದ್ರ ಹೋಗ್ಲಿ. ನೀ ಏಳು."

ಅತ್ತಿ ಒಂದು ಕೈ ಮಂಚಕ್ಕೆ, ಒಂದು ಕೈ ಅವರ ಹೆಗಲಿಗೆ ಕೊಟ್ಟು ನಡುಗುತ್ತಾ ಎದ್ದು ನಿಂತರು. "ಮುಂದ ಎಣಸ್ರಿ, ಹೆಜ್ಜಿ ಇಡ್ತೀನಿ" ಅಂದರು. ಮಾವ ಎಣಿಕೆ ಮರೆತು ಹೆಂಡತಿಯ ಪಾದವನ್ನೇ ನೋಡುತ್ತಿದ್ದರು. ಎಂಟು ಅಂತ ನಾನೇ ಹೇಳಿದೆ.